ಯುದ್ಧವಿಮಾನದ ಬಣ್ಣ: ಒಂದು ಐತಿಹಾಸಿಕ ಪ್ರಮಾಣವಿಚಾರ

ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಕಡೆದು ಬಣ್ಣವಿಡುವ ಹಣ್ಣುಕಾಯಿಗಳನ್ನು ಕಂಡವರು ಅವುಗಳನ್ನು ಕೃತಕವೆಂದು ಮೊದಲ ನೋಟಕ್ಕೆ ನಂಬಲಾರರು. ಆಕಾರವನ್ನು ಕಡೆಯುವುದು ಅರ್ಧ ಕೆಲಸ, ಉಳಿದರ್ಧ ಬಣ್ಣದ್ದು. ಮಾವು ಇನ್ನೂ ಕಾಯಿಯೋ, ದೋರೆಯೋ, ಹಣ್ಣೋ ಎಂಬುದನ್ನು ಹೇಳುವುದು ಬಣ್ಣವೇ ಹೊರತು ಮರವಲ್ಲ. ಪ್ರಸ್ತುತ ಲೇಖನದ ವಿಷಯ ಗಣಕಯಂತ್ರದ ಪರದೆಯ ಮೇಲೆ ಹಾರುವ ಯುದ್ಧವಿಮಾನಗಳು. ಮೇಲುನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆನಿಸಬಹುದು. ಆದರೆ ಇಲ್ಲಿಯೂ ಬಣ್ಣವೇ ಕಾಲವನ್ನು ಸೂಚಿಸುತ್ತದೆಂಬುದು ಮುಂದೆ ವಿದಿತವಾಗುವುದು.

ವಿಮಾನಯುದ್ಧದ ಸಿಮ್ಯುಲೇಟರುಗಳಲ್ಲಿ ವಿಮಾನದ ಆಕಾರವು ಬೇರೆ, ಅದರ ಮೇಲಣ ಬಣ್ಣದ ಹೊದಿಕೆಯು ಬೇರೆ. ಈ ಹೊದಿಕೆಗೆ ಸ್ಕಿನ್ ಎಂಬ ಹೆಸರು ರೂಢವಾಗಿದೆ. 2001ರಲ್ಲಿ ರಷ್ಯದಲ್ಲಿ ಸಿದ್ಧವಾದ ಐಎಲ್-2 ಸ್ಟುರ್ಮೊವಿಕ್ ಎಂಬ ಆಟದಲ್ಲಿ ಇದು ಉದ್ದಗಲಗಳೆರಡರಲ್ಲಿಯೂ 1024 ಬಿಂದುಗಳುಳ್ಳ ಒಂದೇ ಚಿತ್ರವಾಗಿದ್ದಿತು. ರೆಕ್ಕೆ, ಒಡಲು, ಬಾಲ ಇವೆಲ್ಲವನ್ನೂ ಸುಲಿದ ಚರ್ಮದಂತೆ ಬಿಡಿಸಿ ಅದರಲ್ಲಿ ಹರಡಿರುತ್ತಿದ್ದರು. ಚಿತ್ರ ತಿದ್ದುವ ಸಾಮಾನ್ಯ ತಂತ್ರಾಂಶವೊಂದಿದ್ದರೆ ಮೂಡಲಗಿಯ ಅಥವಾ ಹುಕ್ಕೇರಿಯ ವಿದ್ಯಾರ್ಥಿಯೊಬ್ಬನು ಅಂತಹ ಚಿತ್ರವನ್ನು ತಾನೇ ಬರೆಯಬಲ್ಲನು. ಬರೆಯುವುದು ಸುಲಭ, ಬರೆದುದು ಸತ್ಯವೇ ಎಂದು ನಿರ್ಣಯಿಸುವುದು ಇತಿಹಾಸಕಾರನ ಕೆಲಸ.

ಮೊದಲನೆಯ ಪ್ರಶ್ನೆ ಕಾಲದ್ದು. ವಿಮಾನದ ಬಣ್ಣವೆಂಬುದು ಒಂದು ಸ್ಥಿರ ವಸ್ತುವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ವಿಮಾನಗಳ ಲಾಂಛನವು ಕೆಂಪು ಬಿಂಬವಾಗಿದ್ದುದರಿಂದ, ಸ್ವಪಕ್ಷದವರೇ ಭ್ರಮೆಯಿಂದ ಗುಂಡು ಹಾರಿಸಬಾರದೆಂದು ಭಾರತ ಮತ್ತು ಬರ್ಮಾ ರಂಗದ ಬ್ರಿಟಿಷ್ ಹಾಗೂ ಭಾರತೀಯ ವಿಮಾನಗಳ ವೃತ್ತಲಾಂಛನದ ನಡುವಿನ ಕೆಂಪನ್ನು ತೆಗೆದುಹಾಕಲಾಯಿತು. ಕಡುನೀಲಿ ಮತ್ತು ತಿಳಿನೀಲಿಗಳೆರಡೇ ಉಳಿದವು. ಸ್ವಾತಂತ್ರ್ಯಾನಂತರ ಅಶೋಕಚಕ್ರವು ಲಾಂಛನವಾಯಿತು. ಸ್ವಲ್ಪ ಕಾಲದಲ್ಲಿಯೇ ಹೊರಗೆ ಹಸುರು, ನಡುವೆ ಬಿಳಿ, ಒಳಗೆ ಕೇಸರಿಯುಳ್ಳ ಇಂದಿನ ವೃತ್ತವು ಬಂದಿತು. ಹೀಗಿರಲು, 1944ರಲ್ಲಿ ಅರ್ಜನ್ ಸಿಂಗರ ನೇತೃತ್ವದ ಒಂದನೆಯ ಸ್ಕ್ವಾಡ್ರನ್ ಇಂಫಾಲದಲ್ಲಿ ಹಾರಿಸಿದ ಹರಿಕೇನ್ ವಿಮಾನಕ್ಕೆ ಕೆಂಪು ನಡುವನ್ನು ಬರೆಯುವವನು ಅಲಂಕಾರದಲ್ಲಿ ತಪ್ಪಿದನೆಂದಷ್ಟೇ ಹೇಳಿದರೆ ಸಾಲದು. ಆ ವೈಮಾನಿಕರಿಗೆ ಪ್ರಾಣಾಪಾಯವಾಗಬಹುದಾಗಿದ್ದ ಗುರುತನ್ನೇ ಅವನು ಮರಳಿ ಬರೆದಂತಾಯಿತು.

ಎರಡನೆಯ ಪ್ರಶ್ನೆ ಪ್ರಮಾಣದ್ದು. ಆ ಕಾಲದ ಛಾಯಾಚಿತ್ರಗಳು ಬಹುಮಟ್ಟಿಗೆ ಕಪ್ಪುಬಿಳುಪಿನವು. ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಕೆಂಪು ಬೆಳಕಿಗೆ ಸ್ಪಂದಿಸುವುದಿಲ್ಲವಾದ್ದರಿಂದ ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡಂತೆಯೂ ತೋರುತ್ತವೆ. ಬೇರೆ ಫಿಲ್ಮಿನಲ್ಲಿ ಕೇಸರಿಯೂ ಹಸುರೂ ಒಂದೇ ಬೂದುಬಣ್ಣವಾಗಿ ಕಾಣುವುದುಂಟು. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ವಿಮಾನವನ್ನಾದರೂ ನಂಬೋಣವೆಂದರೆ, ಬಿಸಿಲುಮಳೆಗಳಿಂದ ಕಾಪಾಡಲು ಅದಕ್ಕೆ ಹೊಸ ಬಣ್ಣ ಬಳಿದಿರುವ ಸಂಭವವೇ ಹೆಚ್ಚು. ಹುಕ್ಕೇರಿಯ ಗುಮ್ಮಟಗಳ ಮೇಲೆ ಇಂದು ಸುಣ್ಣ ಬಳಿದರೆ ಅದು ಆದಿಲಶಾಹಿ ಕಾಲದ ಸುಣ್ಣವಾಗಲಾರದಷ್ಟೆ. ಆದುದರಿಂದ ಗ್ರಂಥಸಂಪಾದಕನು ಹಲವು ಓಲೆಪ್ರತಿಗಳನ್ನು ತಾಳೆ ನೋಡಿ ಮೂಲಪಾಠವನ್ನು ನಿರ್ಣಯಿಸುವಂತೆ, ಇಲ್ಲಿಯೂ ದಿನಾಂಕವುಳ್ಳ ಚಿತ್ರ, ವಿಮಾನದ ಕ್ರಮಾಂಕ, ದಳದ ದಾಖಲೆ, ಕಂಡವರ ಹೇಳಿಕೆ ಇವುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಬೇಕು.

ಇದರ ಮಹತ್ವವು 1965ರ ಯುದ್ಧದಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿಯವರೆಗೆ ನಮ್ಮ ಜೆಟ್ ಯುದ್ಧವಿಮಾನಗಳು ಬಹುಮಟ್ಟಿಗೆ ಲೋಹದ ಬೆಳ್ಳಿಬಣ್ಣದಲ್ಲಿಯೇ ಇದ್ದವು. ಸೆಪ್ಟೆಂಬರ್ 6ರಂದು ಪಠಾಣಕೋಟೆಯ ಮೇಲೆ ನಡೆದ ದಾಳಿಯಲ್ಲಿ ನೆಲದ ಮೇಲಿದ್ದ ವಿಮಾನಗಳು ನಾಶವಾದವು. ಹೊಸದಾಗಿ ಬಂದಿದ್ದ ಎರಡು ಮಿಗ್-21ಗಳೂ ಅವುಗಳಲ್ಲಿ ಸೇರಿದ್ದವು. ಬಿಸಿಲಿಗೆ ಹೊಳೆಯುವ ಲೋಹವು ಶತ್ರುವಿಗೆ ತಾನೇ ಗುರಿ ತೋರಿಸುತ್ತದೆಂಬ ಪಾಠವನ್ನು ಆ ಯುದ್ಧವು ಕಲಿಸಿತು. 1971ರ ಡಿಸೆಂಬರಿನಲ್ಲಿ ಮಿಗ್-21ಗಳಿಗೆ ಆಯಾ ನೆಲೆಗಳಲ್ಲಿಯೇ ಅವಸರದಿಂದ ಹಸುರು, ಕಂದು ಬಣ್ಣಗಳನ್ನು ಬಳಿದುದರಿಂದ, ಒಂದು ವಿಮಾನದ ಪಟ್ಟೆ ಇನ್ನೊಂದರಂತೆ ಇರಲಿಲ್ಲ. ಅಲ್ಲಿ ನಿಯಮವನ್ನಲ್ಲ, ಒಂದೊಂದು ವಿಮಾನವನ್ನೇ ಪ್ರತ್ಯೇಕವಾಗಿ ಅಭ್ಯಸಿಸಬೇಕಾಗುತ್ತದೆ.

ಒಂದೊಂದು ವಿಮಾನದ ಹಿಂದೆ ಒಬ್ಬೊಬ್ಬ ಮನುಷ್ಯನಿದ್ದಾನೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ದಾಳಿಗೆ ಹೋದವರು ಮರಳಲಿಲ್ಲ. ತಮ್ಮದಕ್ಕಿಂತ ಬಹಳ ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವನ್ನು ಅವರು ಕೆಡವಿದ್ದರೆಂಬುದು ನಮ್ಮವರಿಗೆ ಆಗ ತಿಳಿದಿರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ ಎದುರು ಪಕ್ಷದ ವಿವರಗಳು ಹೊರಬಿದ್ದವು. 1988ರಲ್ಲಿ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು. ಪ್ರಮಾಣಗಳು ಒಂದೆಡೆ ಕೂಡಲು ಇಪ್ಪತ್ತಮೂರು ವರ್ಷ ಬೇಕಾಯಿತು. ಇಂತಹವರ ವಿಮಾನವನ್ನು ಕೈಗೆ ಬಂದ ಬಣ್ಣದಲ್ಲಿ ಬರೆದುಬಿಡುವುದು ಉಚಿತವೆ?

ನಮ್ಮ ನಾಡಿನಲ್ಲಿಯೇ ಹುಟ್ಟಿದ ವಿಮಾನಗಳೂ ಇವೆ. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಕಾರ್ಖಾನೆಯಿಂದ 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವು ಹೊರಬಂದಿತು. ಅಲ್ಲಿಯೇ ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ 1961ರ ಜೂನ್ 17ರಂದು ಮೊದಲು ಹಾರಿತು. ಆ ಮೊದಲ ಮಾದರಿಯ ಕ್ರಮಾಂಕ ಬಿಆರ್ 462. 1971ರಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಕಾದಿತು. ಸಿಮ್ಯುಲೇಟರುಗಳಲ್ಲಿ ಪ್ರಸಿದ್ಧವಾದ ಫೊಕೆ-ವುಲ್ಫ್ 190 ಎಂಬ ಜರ್ಮನ್ ವಿಮಾನವೂ ಅದೇ ಟ್ಯಾಂಕ್‌ನ ಕೃತಿ. ಅದರ ಒಂದೊಂದು ಚುಕ್ಕೆಯನ್ನೂ ಪರದೇಶದ ಹವ್ಯಾಸಿಗಳು ಎಣಿಸಿ ಬರೆಯುತ್ತಿರುವಾಗ ಬೆಂಗಳೂರಿನ ಮಾರುತದ ಬಣ್ಣವನ್ನು ನಮ್ಮವರಲ್ಲದೆ ಮತ್ತಾರು ಅರಸಬೇಕು?

ಈ ಕಾರ್ಯಕ್ಕೆ ಬೇಕಾದ ಆಕರವೊಂದು ನಮ್ಮ ಸಮೀಪದಲ್ಲಿಯೇ ಇದೆ. ಬೆಳಗಾವಿಯ ಬಳಿಯ ಸಾಂಬ್ರಾದಲ್ಲಿ ವಾಯುಸೈನಿಕರ ತರಬೇತಿ ಶಾಲೆಯಿದೆ. ವಾಯುಪಡೆಯ ನೆಲದ ಕೆಲಸದಲ್ಲಿ ದುಡಿದು ನಿವೃತ್ತರಾದವರು ನಮ್ಮ ಸೀಮೆಯ ಊರುಗಳಲ್ಲಿ ಸಿಕ್ಕಬಹುದು. ವಿಮಾನವನ್ನು ಹಾರಿಸಿದವರ ಹೆಸರು ಗ್ರಂಥಗಳಲ್ಲಿ ಸೇರಿದೆ. ಆದರೆ 1971ರಲ್ಲಿ ರಾತ್ರೋರಾತ್ರಿ ಕುಂಚ ಹಿಡಿದು ಬಣ್ಣ ಬಳಿದವರು ಈ ನೆಲದ ಸೈನಿಕರು. ಅಂದು ಇಪ್ಪತ್ತರ ಹರೆಯದವರಾಗಿದ್ದವರಿಗೆ ಇಂದು ಎಪ್ಪತ್ತು ಮೀರಿದೆ. ಯಾವ ಡಬ್ಬಿಯ ಬಣ್ಣ, ಎಷ್ಟು ಕೈ ಬಳಿದರು, ಕ್ರಮಾಂಕವನ್ನು ಮುಚ್ಚಿದರೋ ಉಳಿಸಿದರೋ ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಲು ಹೆಚ್ಚು ಕಾಲವಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜು ವಿದ್ಯಾರ್ಥಿಗಳು ಒಂದೇ ವಿಮಾನವನ್ನು, ಒಂದೇ ದಿನಾಂಕವನ್ನು ಆರಿಸಿಕೊಂಡು, ಪ್ರತಿಯೊಂದು ಬಣ್ಣಕ್ಕೂ ಆಧಾರವನ್ನು ಬರೆದಿಟ್ಟು ಒಂದು ಸ್ಕಿನ್ ರಚಿಸಿದರೆ, ಅದು ಆಟದ ಸಾಮಗ್ರಿಯಾಗಿ ನಿಲ್ಲದೆ ಪ್ರಮಾಣಸಹಿತವಾದ ಇತಿಹಾಸದ ಒಂದು ಪುಟವಾಗುವುದರಲ್ಲಿ ಸಂದೇಹವಿಲ್ಲ. ಅಧ್ಯಾಪಕರು ಇದಕ್ಕೆ ಆಸ್ಪದ ಕೊಡಬೇಕೆಂದು ಲೇಖಕನ ವಿನಂತಿ.