ಹೊಟ್ಟೆ ಕುಣಿತ ಅಂತ ಹೆಸರಿಟ್ಟವರು ಯಾರು?

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಈ ಗಾದೆ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಆದರೆ ಹಿರಿಯರ ಬಾಯಲ್ಲಿ ಇದೇ ಗಾದೆ ಬೇರೆ ಥರ ಇದೆ. ಅಲ್ಲಿ ‘ಕುಣಿಯಲಾರದ ಸೂಳೆ’ ಅಂತಲೇ ಶುರುವಾಗುತ್ತದೆ. ಮಕ್ಕಳಿಗೆ ಹೇಳಿಕೊಡುವಾಗ ಆ ಪದವನ್ನು ಬಿಟ್ಟುಬಿಟ್ಟೆವು. ಗಾದೆಯಿಂದ ಹೋದ ಪದ ಮನಸ್ಸಿನಿಂದ ಹೋಗಿದೆಯೇ ಅನ್ನುವುದು ಬೇರೆ ಪ್ರಶ್ನೆ. ಹಬ್ಬದಲ್ಲಿ ಗಂಡಸು ಕುಣಿದರೆ ಕಲಾವಿದ ಅನ್ನುತ್ತೇವೆ. ಹೆಂಗಸು ಸೊಂಟ ತಿರುಗಿಸಿದರೆ ‘ಯಾರ ಮನೆಯವಳು?’ ಅಂತ ಕೇಳುತ್ತೇವೆ.

ಇವತ್ತು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ ಕೂತ ಹುಡುಗಿಯೊಬ್ಬಳು ಫೋನಿನಲ್ಲಿ ‘ಬೆಲ್ಲಿ ಡ್ಯಾನ್ಸ್ ಕಲಿಯುವುದು ಹೇಗೆ’ ಅಂತ ಕೇಳಿದರೆ ಸಾಕು, ಸಾಲು ಸಾಲು ಪಾಠಗಳು ಬರುತ್ತವೆ. ಬಾಗಿಲು ಹಾಕಿಕೊಂಡು ಕಲಿಯಲೂಬಹುದು. ಆದರೆ ಆ ಬಾಗಿಲು ಯಾಕೆ ಹಾಕಬೇಕು? ‘ಅದು ಮರ್ಯಾದಸ್ಥರ ಕುಣಿತವಲ್ಲ’ ಅನ್ನುವವರಿಗೆ ಜಗಳದಿಂದ ಉತ್ತರ ಕೊಡುವುದಕ್ಕಿಂತ ಅದರ ಚರಿತ್ರೆಯನ್ನೇ ಮುಂದಿಡುವುದು ಒಳ್ಳೆಯದು ಅಂತ ನಮಗೆ ಅನಿಸಿತು.

ನೋಡಿದವರು ಇಟ್ಟ ಹೆಸರು

ಈ ಕುಣಿತ ಬೆಳೆದದ್ದು ಈಜಿಪ್ಟ್ ಮತ್ತು ಅದರ ಸುತ್ತಲಿನ ಅರಬ್ ನಾಡುಗಳಲ್ಲಿ. ಅಲ್ಲಿ ಯಾರೂ ಇದನ್ನು ಹೊಟ್ಟೆ ಕುಣಿತ ಅಂತ ಕರೆಯುತ್ತಿರಲಿಲ್ಲ. ವೇದಿಕೆಯ ಮೇಲಿನದಕ್ಕೆ ‘ರಕ್ಸ್ ಶರ್ಕಿ’, ಅಂದರೆ ಪೂರ್ವದ ನೃತ್ಯ ಅನ್ನುತ್ತಾರೆ. ಜನಸಾಮಾನ್ಯರದಕ್ಕೆ ‘ರಕ್ಸ್ ಬಲದಿ’ ಅನ್ನುತ್ತಾರೆ. ಬಲದಿ ಅಂದರೆ ನಾಡಿನದು, ಊರಿನದು. ನಮ್ಮ ಮಾತಿನಲ್ಲಿ ಹೇಳಿದರೆ ಊರ ಕುಣಿತ.

‘ಹೊಟ್ಟೆ’ಯನ್ನು ಹೆಸರಿಗೆ ಸೇರಿಸಿದವರು ಹೊರಗಿನಿಂದ ನೋಡಲು ಬಂದವರು. ಮೊದಲು ಫ್ರೆಂಚರು ತಮ್ಮ ಭಾಷೆಯಲ್ಲಿ ಹಾಗೆ ಕರೆದರು. 1893ರಲ್ಲಿ ಅಮೆರಿಕದ ಶಿಕಾಗೋದಲ್ಲಿ ದೊಡ್ಡ ವಿಶ್ವಮೇಳ ನಡೆಯಿತು. ಆ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಅದೇ ಮೇಳದ ಇನ್ನೊಂದು ಭಾಗದಲ್ಲಿ ‘ಕೈರೋ ಬೀದಿ’ ಅಂತ ಒಂದು ಬೀದಿಯನ್ನೇ ಕಟ್ಟಿ, ಕುಣಿಯುವವರನ್ನು ತಂದು ಟಿಕೆಟ್ ಇಟ್ಟು ತೋರಿಸಿದರು. ಮೇಳದ ಮನರಂಜನೆಯ ಹೊಣೆ ಹೊತ್ತ ಸೋಲ್ ಬ್ಲೂಮ್‌ಗೆ ಟಿಕೆಟ್ ಮಾರುವುದು ಮುಖ್ಯವಾಗಿತ್ತು. ಆ ಹೆಸರು ಅಮೆರಿಕದ ಜನರ ಬಾಯಿಗೆ ಬಿದ್ದದ್ದು ಹಾಗೆ. ಕುಣಿದವರ ಬಾಯಿಂದ ಬಂದ ಹೆಸರಲ್ಲ ಅದು.

ಮದುವೆ ಮನೆಯೇ ಪಾಠಶಾಲೆ

ಊರ ಕುಣಿತವಾಗಿದ್ದ ಕಾಲದಲ್ಲಿ ಇದಕ್ಕೆ ಗುರು, ತರಗತಿ, ಫೀಸು ಯಾವುದೂ ಇರಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಸೇರುತ್ತಿದ್ದರು. ಒಬ್ಬಳು ಡೋಲು ಬಡಿದರೆ ಇನ್ನೊಬ್ಬಳು ಉದ್ದನೆಯ ನಿಲುವಂಗಿಯ ಮೇಲೆ ಸೊಂಟಕ್ಕೊಂದು ವಸ್ತ್ರ ಬಿಗಿದು ಎದ್ದು ನಿಲ್ಲುತ್ತಿದ್ದಳು. ಅಮ್ಮ, ಅತ್ತೆ, ಅಕ್ಕ ಕುಣಿಯುವುದನ್ನು ನೋಡುತ್ತಾ ಚಿಕ್ಕ ಹುಡುಗಿಯರು ಕಲಿಯುತ್ತಿದ್ದರು. ಈಗಲೂ ಈಜಿಪ್ಟಿನ ಮನೆಗಳಲ್ಲಿ ಹೀಗೆಯೇ ಕಲಿಯುತ್ತಾರೆ.

ನಮ್ಮ ಕಡೆ ಸೋಬಾನೆ ಪದ ಕಲಿತದ್ದು ಹೇಗೆ? ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಹಸೆಮಣೆಯ ಪಕ್ಕ ಕೂತು ಕೇಳಿದ್ದೇ ಕಲಿಕೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ಇಳಿಯುವ ನಮ್ಮ ಹೆಂಗಸರಿಗೂ, ಸೊಂಟಕ್ಕೆ ವಸ್ತ್ರ ಬಿಗಿದು ಕುಣಿತಕ್ಕೆ ಇಳಿಯುವ ಅಲ್ಲಿನ ಹೆಂಗಸರಿಗೂ ದೂರವೇನೂ ಇಲ್ಲ.

ಇನ್ನೊಂದು ಹೋಲಿಕೆಯೂ ಇದೆ. ನಮ್ಮ ಜಿಲ್ಲೆಯ ಪೂಜಾ ಕುಣಿತ ನೋಡಿ. ಬಿದಿರಿನ ಚೌಕಟ್ಟಿಗೆ ಅಲಂಕಾರ ಮಾಡಿದ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈ ಬಿಟ್ಟು ಕುಣಿಯುತ್ತಾರೆ. ತಲೆ ಅಲುಗಬಾರದು, ಕಾಲು ನಿಲ್ಲಬಾರದು. ಈಜಿಪ್ಟಿನಲ್ಲಿ ಮದುವೆ ಮೆರವಣಿಗೆಯ ಮುಂದೆ ಉರಿಯುವ ಮೇಣದಬತ್ತಿಗಳ ದೀಪಗುಚ್ಛವನ್ನು ತಲೆಯ ಮೇಲಿಟ್ಟು ಹೆಣ್ಣು ಕುಣಿಯುತ್ತಾಳೆ. ಎರಡರಲ್ಲೂ ವಿದ್ಯೆ ಒಂದೇ: ದೇಹದ ಒಂದು ಭಾಗ ಕುಣಿಯಬೇಕು, ಇನ್ನೊಂದು ಭಾಗ ಕದಲಬಾರದು.

ಎರಡು ಆದೇಶಗಳು

ಮನೆಯೊಳಗೆ ಕುಣಿದವಳಿಗೆ ತೊಂದರೆ ಇರಲಿಲ್ಲ. ಬೀದಿಯಲ್ಲಿ ಕುಣಿದು ಹೊಟ್ಟೆ ಹೊರೆದವಳಿಗೆ ತೊಂದರೆಯಾಯಿತು. ‘ಘವಾಜಿ’ ಅನ್ನುವ ವೃತ್ತಿ ನರ್ತಕಿಯರನ್ನು 1834ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಕೈರೋದಿಂದ ಹೊರಹಾಕಿದ. ವೇಶ್ಯಾವೃತ್ತಿಯವರನ್ನೂ ನರ್ತಕಿಯರನ್ನೂ ಒಂದೇ ಆದೇಶದಲ್ಲಿ ಸೇರಿಸಿ ದಕ್ಷಿಣದ ದೂರದ ಊರುಗಳಿಗೆ ಕಳಿಸಿದರು. ಹೆಂಗಸರು ಹೋದ ಜಾಗದಲ್ಲಿ ಹೆಣ್ಣುಡುಗೆ ತೊಟ್ಟ ಗಂಡಸರು ಕುಣಿದರು. ಕುಣಿತ ನಿಲ್ಲಲಿಲ್ಲ, ಕುಣಿದು ಬದುಕುತ್ತಿದ್ದ ಹೆಂಗಸರ ಅನ್ನ ಹೋಯಿತು.

ನಮ್ಮ ಹಳೇ ಮೈಸೂರು ಸೀಮೆಯಲ್ಲೂ ಇಂಥದೊಂದು ಆದೇಶವಿದೆ. 1909ರಲ್ಲಿ ಮೈಸೂರು ಸರ್ಕಾರ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿ ಕರ್ನಾಟಕ 1982ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತು. ಆದರೆ ಪದ್ಧತಿಯ ಮೇಲೆ ಬೀಳಬೇಕಾದ ಕಳಂಕ ಕುಣಿತದ ಮೇಲೂ ಬಿತ್ತು. ಗಾದೆಯಲ್ಲಿರುವ ಆ ಪದ ಅದೇ ಕಳಂಕದ ಗುರುತು.

ಆ ಕಳಂಕವನ್ನು ದಾಟಿ ಬಂದವರಲ್ಲಿ ಕೆ. ವೆಂಕಟಲಕ್ಷಮ್ಮ ಒಬ್ಬರು. 1906ರಲ್ಲಿ ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದರು. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಗೆಜ್ಜೆ ಕಟ್ಟಿದರು. ಅರಮನೆಯ ಆಸ್ಥಾನ ವಿದುಷಿಯಾದರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಪಡೆದರು. ‘ಮರ್ಯಾದಸ್ಥರು ಕಲಿಯುವುದಲ್ಲ’ ಅಂದಿದ್ದ ಕಲೆಗೆ ಇವತ್ತು ಮನೆಮನೆಯವರೂ ಮಕ್ಕಳನ್ನು ಫೀಸು ಕಟ್ಟಿ ಸೇರಿಸುತ್ತಾರೆ. ಮರ್ಯಾದೆಯ ಅಳತೆಗೋಲು ಒಂದು ಆಯುಷ್ಯದಲ್ಲೇ ಬದಲಾಯಿತು.

ಆ ಬಟ್ಟೆ ಬಂದದ್ದು ಎಲ್ಲಿಂದ?

ಹೊಟ್ಟೆ ಕಾಣುವ, ಮಿಂಚುವ ಎರಡು ತುಂಡಿನ ಉಡುಪು ಹಳ್ಳಿಯದಲ್ಲ. 1926ರಲ್ಲಿ ಬದಿಯಾ ಮಸಬ್ನಿ ಎಂಬ ಕಲಾವಿದೆ ಕೈರೋದಲ್ಲಿ ತನ್ನದೇ ರಂಗಮಂದಿರ ತೆರೆದಳು. ಅಲ್ಲಿಗೆ ಬರುತ್ತಿದ್ದ ಪ್ರೇಕ್ಷಕರಲ್ಲಿ ವಿದೇಶಿಯರೂ ಇದ್ದರು. ಹಾಲಿವುಡ್ ಸಿನಿಮಾಗಳು ಕಲ್ಪಿಸಿದ ‘ಪೂರ್ವದ ಹೆಣ್ಣಿನ’ ಉಡುಪು ಕೈರೋದ ವೇದಿಕೆಗೆ ಬಂತು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಅವರಂಥ ದೊಡ್ಡ ನರ್ತಕಿಯರು ಬೆಳೆದದ್ದು ಬದಿಯಾಳ ಬಳಿಯೇ. ಆಮೇಲೆ ಅವರು ಸಿನಿಮಾಕ್ಕೂ ಹೋದರು.

ಆ ಉಡುಪಿನ ನೆರಳು ನಮ್ಮ ಬಂಡೆಗಳ ಮೇಲೂ ಬಿತ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣವಾದ ‘ಶೋಲೆ’ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದರಲ್ಲಿ ಗಬ್ಬರ್ ಸಿಂಗ್‌ನ ಅಡ್ಡೆಯಲ್ಲಿ ಹೆಲೆನ್ ಕುಣಿಯುತ್ತಾರೆ. ಡಕಾಯಿತರು ಸುತ್ತ ಕೂತು ನೋಡುತ್ತಾರೆ. ನಮ್ಮ ಸಿನಿಮಾಗಳಲ್ಲಿ ಈ ಥರದ ಕುಣಿತ ಬಂದಾಗಲೆಲ್ಲ ಹೆಚ್ಚುಕಡಿಮೆ ಇದೇ ನೋಟ: ಖಳನ ಅಡ್ಡೆ, ಹೆಂಡದ ಬಾಟಲಿ, ಸುತ್ತ ಗಂಡಸರು. ಹೆಂಗಸರೇ ಹೆಂಗಸರಿಗಾಗಿ ಕುಣಿಯುವ ಮದುವೆ ಮನೆ ಆ ನೋಟದಲ್ಲಿ ಇಲ್ಲವೇ ಇಲ್ಲ. ನಾವು ಕಂಡದ್ದು ಸಿನಿಮಾ, ತಿಳಿದುಕೊಂಡದ್ದು ಅದೇ ಕುಣಿತ ಅಂತ.

ಮೊದಲ ಪಾಠ

ತರಗತಿಯ ರೂಪ ಬಂದದ್ದು ಈಚೆಗೆ. 1959ರಲ್ಲಿ ಮಹಮೂದ್ ರೆಡಾ ಈಜಿಪ್ಟಿನಲ್ಲಿ ಜಾನಪದ ನೃತ್ಯ ತಂಡ ಕಟ್ಟಿ, ಊರೂರಿನ ಕುಣಿತಗಳನ್ನು ನೋಡಿ ವೇದಿಕೆಗೆ ತಂದರು. ಅಮೆರಿಕದಲ್ಲಿ ಜಮೀಲಾ ಸಲಿಂಪೂರ್ ಒಂದೊಂದು ಹೆಜ್ಜೆಗೂ ಹೆಸರಿಟ್ಟು ಪಾಠ ಮಾಡಿದರು. ಹೆಸರಿಟ್ಟ ಮೇಲೆ ಅಮ್ಮನನ್ನು ನೋಡಿ ಕಲಿಯಲಾಗದವರಿಗೂ ದಾರಿಯಾಯಿತು. ಫೋನಿನ ಪಾಠಗಳು ಆ ದಾರಿಯ ಮುಂದುವರಿಕೆ.

ಹೊಸಬರಿಗೆ ಹೇಳುವ ಮೊದಲ ಮಾತು: ಬರಿಗಾಲಲ್ಲಿ ನಿಲ್ಲಿ, ಮಂಡಿ ಸ್ವಲ್ಪ ಸಡಿಲವಿರಲಿ, ಎದೆ ಎತ್ತಿರಲಿ, ನಡು ಹಿಂದಕ್ಕೆ ಡೊಂಕಾಗದಿರಲಿ. ಹೆಸರು ಹೊಟ್ಟೆಯದಾದರೂ ಕೆಲಸ ಹೆಚ್ಚಾಗಿ ಸೊಂಟ ಮತ್ತು ಮಂಡಿಯದು. ಒಂದು ಮಂಡಿ ನೇರವಾದರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಸಡಿಲವಾದರೆ ಇಳಿಯುತ್ತದೆ. ಎರಡು ಮಂಡಿಯನ್ನೂ ಒಂದಾದ ಮೇಲೊಂದು ಬೇಗ ಬೇಗ ಆಡಿಸಿದರೆ ಸೊಂಟ ತಾನೇ ನಡುಗುತ್ತದೆ. ಸೊಂಟವನ್ನೇ ಬಲವಂತವಾಗಿ ಅಲ್ಲಾಡಿಸಲು ಹೋದರೆ ಬೆನ್ನು ನೋಯುತ್ತದೆ. ಆಮೇಲೆ ಸೊಂಟವನ್ನು ರುಬ್ಬುವ ಗುಂಡಿನಂತೆ ಸುತ್ತಿಸುವುದು. ಗುಂಡು ತಿರುಗಬೇಕು, ಒರಳು ಕದಲಬಾರದು. ಸೊಂಟ ತಿರುಗಬೇಕು, ಭುಜ ಕದಲಬಾರದು.

ತಾಳಕ್ಕೆ ‘ದರ್ಬುಕಾ’ ಎಂಬ ಚರ್ಮವಾದ್ಯ. ನಡುವೆ ಬಡಿದರೆ ‘ದುಮ್’, ಅಂಚಿಗೆ ಬಡಿದರೆ ‘ತೆಕ್’. ‘ದುಮ್ ತೆಕ್, ತೆಕ್ ದುಮ್, ತೆಕ್’ ಅನ್ನುವುದು ಹೊಸಬರು ಮೊದಲು ಕಿವಿಗೆ ಹಾಕಿಕೊಳ್ಳುವ ತಾಳಗಳಲ್ಲಿ ಒಂದು. ಉಡುಪು ನಿಮ್ಮಿಷ್ಟ. ಮೈತುಂಬ ಬಟ್ಟೆ ಹಾಕಿ ಮೇಲೊಂದು ದುಪಟ್ಟಾ ಬಿಗಿದರೆ ಹಳೆಯ ‘ಊರ ಕುಣಿತ’ದ ರೀತಿಗೇ ಹತ್ತಿರವಾಗುತ್ತೀರಿ.

ಎಲ್ಲರೂ ಇದನ್ನೇ ಕಲಿಯಬೇಕು ಅಂತ ನಾವು ಹೇಳುತ್ತಿಲ್ಲ. ಕೋಲಾಟ ಕಲಿಯಿರಿ, ಹೆಣ್ಣುಮಕ್ಕಳೂ ಪೂಜಾ ಕುಣಿತ ಕಲಿಯಲಿ, ಭರತನಾಟ್ಯ ಕಲಿಯಲಿ. ಆದರೆ ಮನೆಯ ಹುಡುಗಿ ಯಾವುದೋ ದೂರದ ಊರಿನ ಹೆಂಗಸರ ಕುಣಿತ ಕಲಿಯಲು ಎದ್ದರೆ, ಬೈಯುವ ಮೊದಲು ಒಂದು ಸಲ ಯೋಚಿಸಿ. ನಾವು ಬೈಯುತ್ತಿರುವುದು ಆ ಕುಣಿತವನ್ನೋ, ಟಿಕೆಟ್ ಮಾರಿದವರು ಅದಕ್ಕೆ ಇಟ್ಟ ಹೆಸರನ್ನೋ?