ಬೂತಾಯಿ ಮೀನು: ಜೀವನಕ್ರಮ, ಪರಿಸರ ಮತ್ತು ಸಂರಕ್ಷಣೆ

ಮಲ್ಪೆ ಬಂದರು ಹಾಗೂ ಕಾಪು ಕಡಲತೀರದ ಮೀನುಗಾರ ಕುಟುಂಬಗಳಿಗೆ ಬೂತಾಯಿಯು ಜೀವನಾಧಾರವಾಗಿದ್ದು, ಕಾರ್ಕಳ ತಾಲ್ಲೂಕಿನ ನಿಟ್ಟೆಯಂತಹ ಒಳನಾಡಿನ ಗ್ರಾಮಗಳಲ್ಲಿಯೂ ಜನಸಾಮಾನ್ಯರ ಆಹಾರವಾಗಿದೆ. ದೋಣಿಗಳ ಪರವಾನಗಿಗೆ ಅರ್ಜಿ ಸಲ್ಲಿಸುವವರ ಹಾಗೂ ಗ್ರಾಹಕರ ಅವಗಾಹನೆಗಾಗಿ ಈ ಮೀನಿನ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಹೆಸರು ಮತ್ತು ಗುರುತು

ಇದರ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ‘ಲಾಂಗಿಸೆಪ್ಸ್’ ಎಂದರೆ ಉದ್ದ ತಲೆಯುಳ್ಳದ್ದು ಎಂದರ್ಥ. ಇದನ್ನು ಕುಂದಾಪುರದ ಕಡೆ ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ, ಕಾಸರಗೋಡಿನಲ್ಲಿ ಮತ್ತಿ ಎಂದು ಕರೆಯುತ್ತಾರೆ. ಬೆನ್ನು ನೀಲಿ ಮಿಶ್ರಿತ ಹಸಿರು, ಹೊಟ್ಟೆಯ ಭಾಗ ಬೆಳ್ಳಿಯ ಬಣ್ಣ. ಗರಿಷ್ಠ ಉದ್ದ ಸುಮಾರು 23 ಸೆಂ.ಮೀ.

2. ಆಹಾರ ಮತ್ತು ಆವಾಸ

ಬೂತಾಯಿಯು ದಡದ ಸಮೀಪದ ಸಮುದ್ರದ ಮೇಲ್ಪದರದಲ್ಲಿ ದೊಡ್ಡ ಗುಂಪುಗಳಾಗಿ ಸಂಚರಿಸುತ್ತದೆ. ನೈಋತ್ಯ ಮುಂಗಾರಿನ ಅವಧಿಯಲ್ಲಿ ಆಳದ ತಂಪು ನೀರು ಪೋಷಕಾಂಶಗಳೊಡನೆ ಮೇಲಕ್ಕೆ ಬರುವುದರಿಂದ ಡಯಾಟಮ್ ಎಂಬ ಅತಿಸೂಕ್ಷ್ಮ ಸಸ್ಯಗಳು ಹೇರಳವಾಗಿ ಬೆಳೆಯುತ್ತವೆ. ಕಿವಿರುಗಳ ಒಳಭಾಗದ ಒತ್ತಾದ ಎಳೆಗಳಿಂದ ಮೀನು ಇವುಗಳನ್ನು ಸೋಸಿ ಸೇವಿಸುತ್ತದೆ. ಈ ಆಹಾರದಿಂದ ಮಳೆಗಾಲದ ನಂತರ ಮೀನಿನಲ್ಲಿ ಕೊಬ್ಬು ತುಂಬಿ ರುಚಿ ಹೆಚ್ಚುತ್ತದೆ. ಹಿಂದೆ ಇದರ ಎಣ್ಣೆಯನ್ನು ಮರದ ದೋಣಿಗಳಿಗೆ ಸವರಲು ಬಳಸಲಾಗುತ್ತಿತ್ತು. ಅಂಜಲ್, ಕೇದಾರ ಮುಂತಾದ ದೊಡ್ಡ ಮೀನುಗಳಿಗೂ ಕಡಲ ಹಕ್ಕಿಗಳಿಗೂ ಬೂತಾಯಿಯೇ ಆಹಾರವಾಗಿರುವುದರಿಂದ, ಇದು ಕಡಿಮೆಯಾದಲ್ಲಿ ಅವುಗಳ ಮೇಲೂ ಪರಿಣಾಮವಾಗುತ್ತದೆ.

3. ಸಂತಾನೋತ್ಪತ್ತಿ

ಮೊಟ್ಟೆಯಿಡುವ ಮುಖ್ಯ ಕಾಲ ಜೂನ್‌ನಿಂದ ಆಗಸ್ಟ್. ಹೆಣ್ಣು ಮೀನು ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ನೀರಿನಲ್ಲಿ ತೇಲುವ ಇವು ಸುಮಾರು ಒಂದು ದಿನದಲ್ಲಿ ಮರಿಯಾಗುತ್ತವೆ. ಸುಮಾರು ಒಂದು ವರ್ಷದಲ್ಲಿ 15 ಸೆಂ.ಮೀ. ಬೆಳೆದು ಪ್ರೌಢಾವಸ್ಥೆಗೆ ಬರುತ್ತವೆ. ಆಯುಷ್ಯ ಸುಮಾರು ಎರಡೂವರೆ ವರ್ಷ ಮಾತ್ರ. ಆದ್ದರಿಂದ ಒಂದು ಮಳೆಗಾಲದ ಸಂತಾನ ವಿಫಲವಾದರೂ ಮುಂದಿನ ವರ್ಷದ ಇಳುವರಿ ಕುಸಿಯುತ್ತದೆ.

4. ಇಳುವರಿಯ ಏರಿಳಿತ

1940ರ ದಶಕದಲ್ಲಿ, ಯಾಂತ್ರೀಕೃತ ದೋಣಿಗಳು ಬರುವ ಮೊದಲೇ, ಇಳುವರಿ ತೀವ್ರವಾಗಿ ಕುಸಿದಿತ್ತು. ಆಗ ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತದ ಸರ್ಕಾರವು 1943ರಲ್ಲಿ ಸಣ್ಣ ಕಣ್ಣಿನ ಬಲೆಗಳಿಗೆ ನಿರ್ಬಂಧ ವಿಧಿಸಿತ್ತು. 1970ರ ದಶಕದಲ್ಲಿ ರಂಪಣಿ ಬಲೆಯ ಸ್ಥಾನವನ್ನು ಪರ್ಸೀನ್ ಬಲೆ ಆಕ್ರಮಿಸತೊಡಗಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಇಳುವರಿ 2021ರಲ್ಲಿ 3,297 ಟನ್‌ಗೆ ಇಳಿದು, ನಂತರ ಚೇತರಿಸಿಕೊಂಡಿತು. ಮಳೆ, ಸಮುದ್ರದ ಉಷ್ಣತೆ ಹಾಗೂ ಆಹಾರದ ಲಭ್ಯತೆಯ ಮೇಲೆ ನಮಗೆ ಹತೋಟಿಯಿಲ್ಲ. ಮರಿಮೀನುಗಳನ್ನು ಹಿಡಿಯದಿರುವುದು ಮಾತ್ರ ನಮ್ಮ ಕೈಯಲ್ಲಿದೆ.

5. ನಿಷೇಧ ಅವಧಿ ಮತ್ತು ಕನಿಷ್ಠ ಗಾತ್ರ

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರ ಅನ್ವಯ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ.

ಈ ನಿಷೇಧವು ತಾಯಿಮೀನುಗಳಿಗೆ ರಕ್ಷಣೆ ನೀಡುತ್ತದೆ. ಆದರೆ ಆ ವರ್ಷ ಹುಟ್ಟಿದ ಮರಿಗಳು ದಡದ ಬಳಿ ಬೆಳೆಯುವ ಹೊತ್ತಿಗೆ ನಿಷೇಧ ಮುಗಿದಿರುತ್ತದೆ. ಆದ್ದರಿಂದ ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಗಾತ್ರವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಶಿಫಾರಸು ಮಾಡಿದೆ. ಇದು ಕನಿಷ್ಠ ಮಿತಿ ಮಾತ್ರ, 10 ಸೆಂ.ಮೀ. ಮೀನು ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ.

6. ಸಾರ್ವಜನಿಕರಲ್ಲಿ ಮನವಿ

(ಅ) ಬಲೆ ಹಾಕಿದಾಗ ಮರಿಮೀನುಗಳ ಗುಂಪು ಕಂಡುಬಂದಲ್ಲಿ, ಬಲೆ ಎಳೆಯುವ ಮುನ್ನವೇ ಬಿಟ್ಟುಬಿಡತಕ್ಕದ್ದು.
(ಆ) ಮರಿಮೀನುಗಳನ್ನು ಮೀನುಹಿಟ್ಟು ಹಾಗೂ ಮೀನೆಣ್ಣೆ ಘಟಕಗಳಿಗೆ ಮಾರಾಟ ಮಾಡಬಾರದು.
(ಇ) ಗ್ರಾಹಕರು ಬೆರಳುದ್ದದ ಬೂತಾಯಿಯನ್ನು ಖರೀದಿಸದೆ ಸಹಕರಿಸಬೇಕು.
(ಈ) ದೋಣಿಯ ಪರವಾನಗಿ ಹಾಗೂ ನಿಷೇಧ ಅವಧಿಯ ಸೌಲಭ್ಯಗಳ ಬಗ್ಗೆ ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.