ಚರ್ಚ್ ಆರಾಧನೆಯ ನೇರ ಪ್ರಸಾರ: ಅಂತರ್ಜಾಲ ಸಂಪರ್ಕ ಹೇಗಿರಬೇಕು?

ಭಾನುವಾರದ ಆರಾಧನೆ, ಮದುವೆ ಹಾಗೂ ಅಂತ್ಯಕ್ರಿಯೆಯ ಪ್ರಾರ್ಥನೆಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಬಿತ್ತರಿಸುವ ಪದ್ಧತಿ ಇಂದು ಮಹಾನಗರಗಳ ದೊಡ್ಡ ಚರ್ಚ್‌ಗಳಿಗಷ್ಟೇ ಸೀಮಿತವಾಗಿಲ್ಲ. ಸಣ್ಣ ಪಟ್ಟಣ ಮತ್ತು ಹಳ್ಳಿಗಳ ಸಭೆಗಳೂ ಈ ದಾರಿ ಹಿಡಿಯುತ್ತಿವೆ. ಕ್ಯಾಮೆರಾ ಎಂಥದು ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಆದರೆ ಪ್ರಸಾರ ನಿಲ್ಲುವುದು ಅಥವಾ ನಡೆಯುವುದು ಬಹುಮಟ್ಟಿಗೆ ಅಂತರ್ಜಾಲ ಸಂಪರ್ಕದ ಗುಣಮಟ್ಟದ ಮೇಲೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ತಿಮ್ಮಾಪುರದಂಥ ಊರುಗಳಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ.

ಹಿನ್ನೆಲೆ

ಆರಾಧನೆಯನ್ನು ದೂರದವರಿಗೆ ತಲುಪಿಸುವ ಯತ್ನ ಹೊಸದಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚ್‌ನ ಆರಾಧನೆಯನ್ನು ಕೆಡಿಕೆಎ ರೇಡಿಯೋ ಕೇಂದ್ರವು 1921ರ ಜನವರಿ 2ರಂದು ಪ್ರಸಾರ ಮಾಡಿತ್ತು. ವ್ಯಾಟಿಕನ್ ರೇಡಿಯೋ 1931ರಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ ಅಂತರ್ಜಾಲ ಪ್ರಸಾರವನ್ನು ಅನಿವಾರ್ಯವಾಗಿಸಿದ್ದು ಕೊರೊನಾ ಪಿಡುಗು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದು ಎಲ್ಲ ಧರ್ಮಗಳ ಪ್ರಾರ್ಥನಾ ಮಂದಿರಗಳು ಮುಚ್ಚಿದವು. ಆ ವರ್ಷದ ಏಪ್ರಿಲ್ 10ರ ಶುಭ ಶುಕ್ರವಾರ ಮತ್ತು 12ರ ಈಸ್ಟರ್ ಹಬ್ಬಗಳು ಜನರಿಲ್ಲದ ಚರ್ಚ್‌ಗಳಲ್ಲಿ ನಡೆದವು. ಜೂನ್ 8ರಿಂದ ಬಾಗಿಲುಗಳು ನಿಬಂಧನೆಗಳೊಂದಿಗೆ ತೆರೆದರೂ ಪ್ರಸಾರದ ರೂಢಿ ಉಳಿದುಕೊಂಡಿತು.

ಅದಕ್ಕೆ ಕಾರಣವೂ ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದು, 1851ರಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೆಲೆಯೂರಿತು. ಉತ್ತರ ಕರ್ನಾಟಕದ ಹಳೆಯ ಸಭೆಗಳ ಕುಟುಂಬಗಳು ಇಂದು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಹಂಚಿಹೋಗಿವೆ. ಬಾಗಲಕೋಟೆ ಜಿಲ್ಲೆಯಿಂದ ದುಡಿಮೆಗಾಗಿ ಗೋವಾ ಮತ್ತು ಕರಾವಳಿಗೆ ಹೋಗುವವರೂ ಬಹಳ. ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಹೊತ್ತಿಗೆ ಸರಿಯಾಗಿ ಬರಲಾಗದ ಮಗನಿಗೆ, ಹಾಸಿಗೆ ಹಿಡಿದ ವೃದ್ಧರಿಗೆ ಈ ಪ್ರಸಾರವೊಂದೇ ಕೊಂಡಿ. ಅದು ನಡುವೆ ಕಡಿದುಹೋದರೆ ಮತ್ತೆ ಒದಗಿಸಲಾಗದು.

ಮುಖ್ಯವಾದುದು ಅಪ್‌ಲೋಡ್ ವೇಗ

ಜಾಹೀರಾತುಗಳಲ್ಲಿ ದೊಡ್ಡದಾಗಿ ಕಾಣುವುದು ಡೌನ್‌ಲೋಡ್ ವೇಗ. ಅದು ನೋಡುವವರಿಗೆ ಬೇಕಾದುದು. ಪ್ರಸಾರ ಮಾಡುವ ಚರ್ಚ್‌ಗೆ ಬೇಕಾದುದು ಹೊರಕ್ಕೆ ಕಳುಹಿಸುವ ಅಪ್‌ಲೋಡ್ ವೇಗ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಮಿತಿಯನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆದರೆ ಆ ವ್ಯಾಖ್ಯೆಯೂ ಡೌನ್‌ಲೋಡ್ ವೇಗವನ್ನೇ ಹೇಳುತ್ತದೆ. ಆದ್ದರಿಂದ ಸಂಪರ್ಕ ಪಡೆಯುವಾಗ ಅಪ್‌ಲೋಡ್ ವೇಗ ಎಷ್ಟೆಂದು ಪ್ರತ್ಯೇಕವಾಗಿ ಕೇಳಿ ತಿಳಿಯುವುದು ಅಗತ್ಯ.

ಇನ್ನೊಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ: ನೋಡುವವರು ಹೆಚ್ಚಿದಂತೆ ಚರ್ಚ್‌ನ ಸಂಪರ್ಕದ ಮೇಲೆ ಹೊರೆ ಹೆಚ್ಚುತ್ತದೆ ಎಂಬುದು. ಯೂಟ್ಯೂಬ್ ಅಥವಾ ಫೇಸ್‌ಬುಕ್ ಮೂಲಕ ಬಿತ್ತರಿಸುವಾಗ ಚರ್ಚ್‌ನಿಂದ ಹೊರಡುವುದು ಒಂದೇ ಪ್ರವಾಹ. ಅದನ್ನು ಹತ್ತು ಜನರಿಗೂ ಹತ್ತು ಸಾವಿರ ಜನರಿಗೂ ಹಂಚುವ ಕೆಲಸ ಆ ಸಂಸ್ಥೆಗಳ ಗಣಕಯಂತ್ರಗಳದ್ದು.

ಎಷ್ಟು ವೇಗ ಸಾಕು?

ಚಿತ್ರದ ಸ್ಪಷ್ಟತೆಗೆ ತಕ್ಕಂತೆ ಬೇಡಿಕೆ ಬದಲಾಗುತ್ತದೆ. ಒಂದು ಸಾಮಾನ್ಯ ಅಂದಾಜು ಹೀಗಿದೆ:

• ಧ್ವನಿ ಮಾತ್ರ: 64ರಿಂದ 128 ಕೆಬಿಪಿಎಸ್
• 480ಪಿ ಚಿತ್ರ: ಸುಮಾರು 1 ಎಂಬಿಪಿಎಸ್
• 720ಪಿ ಚಿತ್ರ: 2.5ರಿಂದ 4 ಎಂಬಿಪಿಎಸ್
• 1080ಪಿ ಚಿತ್ರ: 5ರಿಂದ 10 ಎಂಬಿಪಿಎಸ್

ಇದು ಸದಾ ಹರಿಯುತ್ತಿರಬೇಕಾದ ಪ್ರಮಾಣ. ಸಂಪರ್ಕದ ವೇಗ ಏರಿಳಿಯುವುದು ಸಹಜವಾದ್ದರಿಂದ ಪರೀಕ್ಷೆಯಲ್ಲಿ ಕಾಣುವ ಅಪ್‌ಲೋಡ್ ವೇಗ ಇದರ ಎರಡರಷ್ಟಾದರೂ ಇರಬೇಕು. 2.5 ಎಂಬಿಪಿಎಸ್‌ನಲ್ಲಿ ಪ್ರಸಾರ ಮಾಡಲು 5 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ನಿಶ್ಚಿಂತೆ. ವೇಗದ ಪರೀಕ್ಷೆಯನ್ನು ಮಂಗಳವಾರ ಮಧ್ಯಾಹ್ನ ಮಾಡಿ ಪ್ರಯೋಜನವಿಲ್ಲ. ಆರಾಧನೆ ನಡೆಯುವ ಭಾನುವಾರದ ಹೊತ್ತಿನಲ್ಲೇ, ಮೂರು ನಾಲ್ಕು ವಾರ ಮಾಡಿ, ಸಿಕ್ಕ ಅತಿ ಕಡಿಮೆ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಡೇಟಾ ಲೆಕ್ಕ

ಎಂಟು ಬಿಟ್‌ಗಳಿಗೆ ಒಂದು ಬೈಟ್. ಈ ಲೆಕ್ಕದಲ್ಲಿ ಒಂದೂವರೆ ಗಂಟೆಯ ಆರಾಧನೆಯನ್ನು 2.5 ಎಂಬಿಪಿಎಸ್‌ನಲ್ಲಿ ಕಳುಹಿಸಿದರೆ ಸುಮಾರು 1.7 ಜಿಬಿ, 4 ಎಂಬಿಪಿಎಸ್‌ನಲ್ಲಿ ಕಳುಹಿಸಿದರೆ 2.7 ಜಿಬಿ ಖರ್ಚಾಗುತ್ತದೆ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಯೋಜನೆಯನ್ನು ನಂಬಿ ಪ್ರಸಾರಕ್ಕೆ ಇಳಿದರೆ ಮಿತಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿಯುವುದು ಹೆಚ್ಚಾಗಿ ಕೊನೆಯ ಆಶೀರ್ವಾದದ ಹೊತ್ತಿಗೇ.

ನೋಡುವವರ ಕಡೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. 1 ಎಂಬಿಪಿಎಸ್ ಚಿತ್ರವನ್ನು ಒಂದೂವರೆ ಗಂಟೆ ನೋಡಲು ಸುಮಾರು 675 ಎಂಬಿ ಬೇಕು. 64 ಕೆಬಿಪಿಎಸ್ ಧ್ವನಿ ಮಾತ್ರವಾದರೆ 43 ಎಂಬಿ ಸಾಕು. ದಿನಗೂಲಿಯ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಸಂಪರ್ಕದ ಬಗೆಗಳು

ತಾಮ್ರದ ದೂರವಾಣಿ ತಂತಿಯ ಎಡಿಎಸ್‌ಎಲ್ ಸಂಪರ್ಕದಲ್ಲಿ ಡೌನ್‌ಲೋಡ್ ಎಷ್ಟೇ ಇದ್ದರೂ ಅಪ್‌ಲೋಡ್ ಸಾಮಾನ್ಯವಾಗಿ 1 ಎಂಬಿಪಿಎಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರಲ್ಲಿ ಧ್ವನಿ ಪ್ರಸಾರ ಸುಲಭ, ಚಿತ್ರ ಕಷ್ಟ. ಆಪ್ಟಿಕಲ್ ಫೈಬರ್ ಸಂಪರ್ಕವೇ ಪ್ರಸಾರಕ್ಕೆ ಅತ್ಯುತ್ತಮ. ಅಪ್‌ಲೋಡ್ ಹೆಚ್ಚು, ವೇಗದ ಏರಿಳಿತ ಕಡಿಮೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತು, ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಆದರೆ ಪಂಚಾಯಿತಿ ಕಟ್ಟಡದವರೆಗೆ ಬಂದ ತಂತಿ ಚರ್ಚ್‌ನ ಬಾಗಿಲಿಗೂ ಬಂದಿದೆ ಎಂದು ತಿಳಿಯಬಾರದು. ಸ್ಥಳೀಯ ಸೇವಾದಾರರಲ್ಲಿ ವಿಚಾರಿಸಬೇಕು.

ಮೊಬೈಲ್ 4ಜಿ, 5ಜಿ ಸಂಪರ್ಕ ಸುಲಭವಾಗಿ ದೊರೆಯುತ್ತದೆ. ಆದರೆ ಒಂದು ಗೋಪುರದ ಸಾಮರ್ಥ್ಯವನ್ನು ಸುತ್ತಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ. ಕಲ್ಲಿನ ದಪ್ಪ ಗೋಡೆಯ ಹಳೆಯ ಕಟ್ಟಡಗಳ ಒಳಗೆ ಸಂಕೇತ ದುರ್ಬಲವಾಗುತ್ತದೆ. ಮೊಬೈಲ್ ರೂಟರನ್ನು ಕಿಟಕಿಯ ಬಳಿ ಇಟ್ಟು, ಅಲ್ಲಿಂದ ಕಂಪ್ಯೂಟರ್‌ಗೆ ತಂತಿ ಎಳೆಯುವುದು ಉತ್ತಮ. ಯಾವ ಸಂಪರ್ಕವಿದ್ದರೂ ಪ್ರಸಾರದ ಕಂಪ್ಯೂಟರ್‌ಗೆ ವೈ-ಫೈ ಬದಲು ತಂತಿಯೇ ಇರಲಿ. ಆ ವೈ-ಫೈ ಸಂಕೇತಪದವನ್ನು ಆರಾಧನೆಗೆ ಬಂದವರಿಗೆ ಕೊಡದಿರುವುದೂ ಮುಖ್ಯ.

ಗ್ರಾಮೀಣ ಭಾಗದ ವಿಶೇಷ ತೊಡಕುಗಳು

ಮುಧೋಳ ತಾಲೂಕಿನ ತಿಮ್ಮಾಪುರ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಾಗಿ ರಾಜ್ಯಕ್ಕೆ ಪರಿಚಿತ. ಘಟಪ್ರಭಾ ಮತ್ತು ಕೃಷ್ಣಾ ನದಿಗಳ ಈ ಕಬ್ಬಿನ ಸೀಮೆಯಲ್ಲಿ ವೇಗಕ್ಕಿಂತ ದೊಡ್ಡ ಪ್ರಶ್ನೆ ನಿರಂತರತೆ. 2019ರ ಆಗಸ್ಟ್‌ನಲ್ಲಿ ಪ್ರವಾಹ ಬಂದಾಗ ಜಿಲ್ಲೆಯ ಅನೇಕ ಊರುಗಳು ಜಲಾವೃತಗೊಂಡಿದ್ದವು. ರಸ್ತೆ ಅಗೆತದಲ್ಲಿ ಫೈಬರ್ ತುಂಡಾಗುವುದು, ಆರಾಧನೆಯ ನಡುವೆ ಕರೆಂಟ್ ಹೋಗುವುದು ಗ್ರಾಮೀಣ ಭಾಗಕ್ಕೆ ಹೊಸತಲ್ಲ.

ಕರೆಂಟ್ ಹೋದರೂ ಫೈಬರ್ ತಂತಿ ಸಾಯುವುದಿಲ್ಲ, ಚರ್ಚ್‌ನಲ್ಲಿರುವ ಮೋಡೆಮ್ ಮತ್ತು ರೂಟರ್ ಸಾಯುತ್ತವೆ. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನಲ್ಲಿ ನಡೆಯುವುದರಿಂದ ಚಿಕ್ಕ ಯುಪಿಎಸ್ ಒಂದೇ ಅವನ್ನು ಗಂಟೆಗಟ್ಟಲೆ ಕಾಯಬಲ್ಲದು. ಜೊತೆಗೆ ಫೈಬರ್ ಕೊಟ್ಟ ಕಂಪನಿಯದಲ್ಲದ ಬೇರೊಂದು ಕಂಪನಿಯ ಸಿಮ್ ಇರುವ ಫೋನನ್ನು ಸಿದ್ಧವಾಗಿ ಇಡಬೇಕು. ಎರಡೂ ಒಂದೇ ಕಂಪನಿಯದಾದರೆ ಒಟ್ಟಿಗೇ ಕೈಕೊಡುವ ಸಂಭವವಿದೆ.

ಧ್ವನಿಗೆ ಮೊದಲ ಸ್ಥಾನ

ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ. ವಾಕ್ಯಪಾಠ, ಪ್ರಸಂಗ, ಪ್ರಾರ್ಥನೆ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದ್ದರಿಂದ ಸಂಪರ್ಕ ದುರ್ಬಲವಿದ್ದಾಗ 1080ಪಿಯಿಂದ 720ಪಿಗೆ, ಅಲ್ಲಿಂದ 480ಪಿಗೆ ಇಳಿಯಲು ಹಿಂಜರಿಯಬಾರದು. ಕ್ಯಾಮೆರಾದ ಮೈಕಿನ ಬದಲು ಚರ್ಚ್‌ನ ಧ್ವನಿವರ್ಧಕದ ಮಿಕ್ಸರ್‌ನಿಂದಲೇ ತಂತಿ ತೆಗೆದುಕೊಂಡರೆ ಕಡಿಮೆ ವೇಗದಲ್ಲೂ ಮಾತು ಸ್ಪಷ್ಟವಾಗಿರುತ್ತದೆ.

ಸಂಪರ್ಕ ತೀರಾ ಸಾಲದಿದ್ದರೆ ನೇರ ಪ್ರಸಾರದ ಹಟ ಬೇಡ. ಆರಾಧನೆಯನ್ನು ಮುದ್ರಿಸಿಕೊಂಡು ಬಳಿಕ ಏರಿಸಬಹುದು. 1.7 ಜಿಬಿ ಮುದ್ರಣವನ್ನು 1 ಎಂಬಿಪಿಎಸ್ ಸಂಪರ್ಕದಲ್ಲಿ ಏರಿಸಲು ಸುಮಾರು ನಾಲ್ಕು ಗಂಟೆ ಹಿಡಿದರೂ ಸಂಜೆಯೊಳಗೆ ಅದು ಎಲ್ಲರಿಗೂ ಸಿಗುತ್ತದೆ. ನೇರ ಪ್ರಸಾರವಿದ್ದಾಗಲೂ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಮುದ್ರಿಸಿಕೊಳ್ಳುವುದು ಕ್ಷೇಮ. ಉಚಿತವಾಗಿ ದೊರೆಯುವ ಓಬಿಎಸ್ ಸ್ಟುಡಿಯೋ ತಂತ್ರಾಂಶ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ.

ಮೊದಲೇ ತಿಳಿದಿರಬೇಕಾದ ನಿಯಮಗಳು

ಯೂಟ್ಯೂಬ್‌ನಲ್ಲಿ ಮೊದಲ ಬಾರಿ ನೇರ ಪ್ರಸಾರಕ್ಕೆ ಅನುಮತಿ ದೊರೆಯಲು 24 ಗಂಟೆಗಳವರೆಗೆ ಹಿಡಿಯಬಹುದು. ಮೊಬೈಲ್ ಫೋನಿನಿಂದಲೇ ಪ್ರಸಾರ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಶನಿವಾರ ರಾತ್ರಿ ಖಾತೆ ತೆರೆದು ಭಾನುವಾರ ಬೆಳಿಗ್ಗೆ ಪ್ರಸಾರ ಮಾಡುವ ಯೋಜನೆ ವಿಫಲವಾಗುವುದು ಇಲ್ಲಿಯೇ.

ಪ್ರಾಮಾಣಿಕ ಧಾರ್ಮಿಕ ಸಮಾರಂಭದಲ್ಲಿ ಹಾಡುವ ಹಾಡಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೂ ಜಾಲತಾಣಗಳ ಸ್ವಯಂಚಾಲಿತ ವ್ಯವಸ್ಥೆ ಧ್ವನಿಮುದ್ರಿತ ಸಂಗೀತವನ್ನು ಗುರುತಿಸಿ ತಡೆಯಬಹುದು. ಸಭೆಯವರೇ ಹಾಡುವುದು ಸುರಕ್ಷಿತ. ಕ್ಯಾಮೆರಾವನ್ನು ವೇದಿಕೆಯತ್ತ ಇರಿಸಿ, ಪ್ರಾರ್ಥನೆಗೆ ಕುಳಿತವರ, ವಿಶೇಷವಾಗಿ ಮಕ್ಕಳ ಮುಖಗಳನ್ನು ಒಪ್ಪಿಗೆಯಿಲ್ಲದೆ ತೋರಿಸದಿರುವುದು ಸೌಜನ್ಯ. ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸುವಾಗಲೂ ಅದು ಲೋಕಕ್ಕೆಲ್ಲ ಕೇಳುತ್ತಿದೆ ಎಂಬ ಎಚ್ಚರ ಬೇಕು.

ಹಣ ಎಲ್ಲಿ ಹಾಕಬೇಕು?

ಕಾಣಿಕೆಯ ಹಣದಿಂದ ನಡೆಯುವ ಸಣ್ಣ ಸಭೆ ಮೊದಲು ಹಣ ಹಾಕಬೇಕಾದುದು ಸ್ಥಿರ ಸಂಪರ್ಕಕ್ಕೆ, ಎರಡನೆಯದಾಗಿ ಧ್ವನಿಗೆ, ಮೂರನೆಯದಾಗಿ ಯುಪಿಎಸ್ ಮತ್ತು ಬದಲಿ ಸಿಮ್‌ಗೆ. ಕ್ಯಾಮೆರಾ ಕೊನೆಯದು. ಸದಸ್ಯರಲ್ಲಿ ಒಬ್ಬರ ಬಳಿ ಇರುವ ಒಳ್ಳೆಯ ಫೋನ್ ಆರಂಭಕ್ಕೆ ಸಾಕು.